ವಿಲ್ಲೋ ದಿಬ್ಬದ ಸದ್ದು

ಯೂಕಾನ್ ನದಿದಂಡೆ, ನಮ್ಮೂರು
೧೯೫೭, ಸೆಪ್ಟೆಂಬರ್ ೨೪

ಅಕ್ಕನ ಮಗಳು, ಸೊಸೆ ಯೂಲೇಲಿಯಾಗೆ ಅಲೋಶಿಯಸ್ ಮಾವ ಬರೆಯುವುದು.

ನಿನ್ನ ಕಾಗದ ಟಪಾಲು ವಿಮಾನದಲ್ಲಿ ಬಂತು. ನಿನ್ನ ಅಮ್ಮನಿಗೆ ಓದಲು ಬಾರದು, ನಾನೇ ಓದಿ ಹೇಳಿದೆ. ಪಾದ್ರಿಗಳ ಶಾಲೆಯಲ್ಲಿ ನಾಲ್ಕನೇ ತರಗತಿ ತನಕ ಓದಿದವನು ನಾನು. ಐದನೆಯದರಲ್ಲಿ ನನಗೆ ಕಲಿಸುವಂಥದ್ದು ಅವರ ಹತ್ತಿರ ಏನೂ ಉಳಿದಿರಲಿಲ್ಲ. ನಿನ್ನ ಸೊಂಟದ ಮೂಳೆಯ ಕ್ಷಯ ಇಳಿಮುಖವಾಗಿದೆ, ವಸಂತಕ್ಕೆ ಡಾಕ್ಟರು ನಿನ್ನನ್ನು ಎಬ್ಬಿಸಿ ನಿಲ್ಲಿಸುತ್ತಾರೆ, ನಡೆದರೆ ಮನೆಗೆ ಕಳಿಸುತ್ತಾರೆ ಎಂಬಲ್ಲಿಗೆ ಬಂದಾಗ ಅಕ್ಕ ಕೆಟಲ್ ಎತ್ತಿದವಳು ಹಾಗೇ ನಿಂತಳು. ಟೀ ನನ್ನ ಬೂಟಿನ ಮೇಲೆ ಸುರಿಯಿತು. ನಾನು ಕಿರುಚಲಿಲ್ಲ. ನನ್ನಂಥವನಿಗೆ ಅದೆಲ್ಲ ಏನು ಲೆಕ್ಕ.

ವಿಮಾನದಿಂದ ನಿನ್ನನ್ನು ಯಾರೂ ಹೊತ್ತು ಇಳಿಸಬಾರದು, ಕೋಲೂರಿಕೊಂಡು ನೀನೇ ಇಳಿಯಬೇಕು ಎಂದು ಬರೆದಿದ್ದೀಯ. ಒಳ್ಳೆಯದು. ಈ ನದಿಯ ಮೇಲುಕೆಳಗೆ ಡೈಮಂಡ್ ವಿಲ್ಲೋ ಕೋಲು ಮಾಡುವವರು ನನ್ನನ್ನು ಬಿಟ್ಟರೆ ಯಾರಿದ್ದಾರೆ? ಸಿಲ್ವೆಸ್ಟರ್ ಅಜ್ಜ ಇದ್ದಾನೆ, ನಿಜ. ಆದರೆ ಅವನ ಕೋಲು ನಾಯಿ ಕಡಿದು ಬಿಟ್ಟ ಎಲುಬಿನ ಹಾಗಿರುತ್ತದೆ.

ನಿನ್ನೆ ದೋಣಿ ಹಾಕಿಕೊಂಡು ತೊರೆ ಬಂದು ಸೇರುವ ಕಡೆ ಇರುವ ವಿಲ್ಲೋ ದಿಬ್ಬಕ್ಕೆ ಹೋಗಿದ್ದೆ. ಕಣ್ಣಿದ್ದವನಿಗೆ ಮಾತ್ರ ಸಿಗುವ ಮರ ಅದು. ಹೊರಗಿನಿಂದ ಬರೀ ಬೂದು ತೊಗಟೆ, ಕೊಂಬೆ ಸತ್ತಲ್ಲೆಲ್ಲ ಒಂದೊಂದು ತಗ್ಗು. ಗೊತ್ತಿಲ್ಲದವನು ರೋಗದ ಮರ ಎಂದು ಸೌದೆಗೆ ಕಡಿಯುತ್ತಾನೆ. ಆ ತಗ್ಗಿನ ತೊಗಟೆಯನ್ನು ಚಾಕುವಿನಲ್ಲಿ ಕೆರೆದು ತೆಗೆದರೆ ಒಳಗೆ ಕೆಂಪಗೆ ಇಸ್ಪೀಟಿನ ಡೈಮಂಡು, ಸುತ್ತ ಬೆಣ್ಣೆಯಂಥ ಬಿಳಿ ಮರ. ಬುಡದಿಂದ ತುದಿಯವರೆಗೆ ಡೈಮಂಡು ಬಿದ್ದ ನೆಟ್ಟನೆಯವನ್ನೇ ಆರಿಸಿ ಒಂದು ಹೊರೆ ತಂದಿದ್ದೇನೆ.

ಅಕ್ಕ ಎಂದಿನಂತೆ ಮೂಗು ತೂರಿಸಿದಳು. "ಎರಡೂ ತುದಿಗೆ ಕೊಬ್ಬು ಬಳಿದು ಉಗ್ರಾಣದಲ್ಲಿ ಮಲಗಿಸೋ. ಒಂದು ಚಳಿಗಾಲ ಪೂರ್ತಿ ಕಳೀಲಿ. ಹಸಿಮರ ಅದು."

"ನಿನ್ನ ಮಗಳು ವಸಂತಕ್ಕೆ ಬರ್ತಾಳೆ. ಕೋಲು ಮುಂದಿನ ವರ್ಷಕ್ಕೆ ಬರ್ಲಾ?" ಎಂದೆ.

ಒಲೆಯ ಮೇಲಿನ ತೊಲೆಗೆ ಕಟ್ಟಿ ಹಾಕಿದ್ದೇನೆ. ನನ್ನ ಕೈಯಲ್ಲಿ ಮರ ಬೇಗ ಒಣಗುತ್ತದೆ.

ಇನ್ನೊಂದು ಸಂಗತಿ. ದಿಬ್ಬದ ಮರಳಿನಲ್ಲಿ ಕರಡಿಯ ಹೆಜ್ಜೆ ಇತ್ತು. ಈ ವರ್ಷ ಮೀನು ಸಮುದ್ರದಿಂದ ನದಿಗೆ ಸರಿಯಾಗಿ ಏರಿ ಬರಲಿಲ್ಲ, ಕಾಡುಹಣ್ಣನ್ನು ಮೊದಲ ಚಳಿಯೇ ಸುಟ್ಟುಹಾಕಿತು. ಹೊಟ್ಟೆಗಿಲ್ಲದೆ ಅಲೆಯುತ್ತಿದೆ. ಪೊದೆಯಾಚೆ ಅದರ ಬೆನ್ನೂ ಕಂಡಿತು, ಒಣಗಲು ಹಾಕಿದ ತೊಗಲಿನ ಹಾಗೆ. ನಾನು ದೋಣಿಯಲ್ಲಿ ಎದ್ದು ನಿಂತು ಕೂಗಿದೆ: "ಏ ಕರಡಿ, ಈ ದಿಬ್ಬ ಅಲೋಶಿಯಸ್‌ದು. ನಿನ್ನಂಥ ಬಡಕಲನ್ನ ಗರಗಸದ ಹಿಡಿಯಲ್ಲೇ ಬಡಿದು ಮಲಗಿಸ್ತೀನಿ. ಹೋಗು, ಹೋಗಿ ಮಲಕ್ಕೋ." ಬಾಲ ಮಡಚಿಕೊಂಡು ಹೋಯಿತು. ಬಾಲ ಅನ್ನುವಷ್ಟು ಬಾಲ ಅದಕ್ಕಿಲ್ಲ, ಆದರೂ ಇದ್ದದ್ದನ್ನು ಮಡಚಿತು.

ಸರಿಯಾಗಿ ಊಟ ಮಾಡು. ನರ್ಸುಗಳಿಗೆ ನಿನ್ನ ಮಾವ ಯಾರು ಎಂದು ಹೇಳು.

ಅಲೋಶಿಯಸ್


ಆಸ್ಪತ್ರೆ, ಹೆಂಗಸರ ವಾರ್ಡು
೧೯೫೭, ಅಕ್ಟೋಬರ್ ೧೯

ಮಾವನಿಗೆ,

ನಿನ್ನ ಕಾಗದವನ್ನು ನಗುತ್ತ ಓದುತ್ತಿದ್ದೆ. ಕೊನೆಗೆ ಬಂದಾಗ ಮಡಚಿ ದಿಂಬಿನ ಕೆಳಗಿಟ್ಟೆ. ಆಮೇಲೆ ಪೆನ್ನು ತೆಗೆದುಕೊಂಡು, ದಿಬ್ಬದಲ್ಲಿ ನೀನು ಕಂಡದ್ದರ ಹೆಸರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಶಾಯಿ ಬಳಿದೆ. ನರ್ಸ್ ನೋಡಿ, "ಅದೇನು ಹೊಡೆದು ಹಾಕ್ತಾ ಇದೀಯ?" ಎಂದಳು. ನಮ್ಮ ಮಾವನ ಕಾಗುಣಿತದ ತಪ್ಪು ಎಂದೆ.

ಮಾವ, ನಿನಗೆ ಏನಾಗಿತ್ತು? ನಮ್ಮಲ್ಲಿ ಬೇಟೆಗೆ ಹೋಗುವ ಗಂಡಸರೂ ಅದರ ಹೆಸರನ್ನು ಸುತ್ತಿ ಬಳಸಿ ಹೇಳುತ್ತಾರೆ. ಹೆಂಗಸರಂತೂ ಬಾಯಿಗೇ ತರುವುದಿಲ್ಲ. ಎಷ್ಟೇ ದೂರದಲ್ಲಿದ್ದರೂ ಅದಕ್ಕೆ ಕೇಳಿಸುತ್ತದೆ ಎಂದು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವನೇ ನೀನು. ನೀನು ಹೆಸರು ಹಿಡಿದು ಕೂಗಿದ್ದೀಯ, ಅದರ ಹಸಿವನ್ನು ಆಡಿಕೊಂಡಿದ್ದೀಯ, ಹೊಡೆಯುತ್ತೇನೆ ಎಂದಿದ್ದೀಯ. ಅಮ್ಮನಿಗೆ ಇದನ್ನು ಓದಿ ಹೇಳಿದೆಯಾ? ಹೇಳಿರಲಾರೆ.

ಸಿಲ್ವೆಸ್ಟರ್ ಅಜ್ಜ ನಮ್ಮನ್ನು ಕೂರಿಸಿಕೊಂಡು ಹೇಳುತ್ತಿದ್ದದ್ದು ನೆನಪಾಗುತ್ತಿದೆ. ಮೈಯಲ್ಲಿ ಕೊಬ್ಬಿಲ್ಲದ್ದು ಗವಿಯಲ್ಲಿ ನಿದ್ದೆ ಹಿಡಿಯದೆ ನಡುಚಳಿಗಾಲದಲ್ಲಿ ಎದ್ದು ಬರುತ್ತದೆ. ಹೆಪ್ಪುಗಟ್ಟಿದ ತೊರೆಯ ಮೇಲೆ ಉಕ್ಕಿದ ನೀರಿನಲ್ಲಿ ನೆನೆದು, ಹಿಮದಲ್ಲಿ ಹೊರಳಿ, ಮತ್ತೆ ನೆನೆದು, ಮೈತುಂಬ ಮಂಜುಗಡ್ಡೆಯ ಅಂಗಿ ತೊಟ್ಟುಕೊಳ್ಳುತ್ತದೆ. ಆ ಅಂಗಿಯ ಮೇಲೆ ಗುಂಡು ಜಾರುತ್ತದಂತೆ. ಇಷ್ಟು ಬರೆಯುವುದೂ ನನಗೆ ತಪ್ಪು. ಇಲ್ಲಿ ಕಿಟಕಿಯಾಚೆ ಇರುವುದು ಸಮುದ್ರ ಮಾತ್ರ, ಆದರೂ ನರ್ಸಿಗೆ ಹೇಳಿ ಪರದೆ ಎಳೆಸಿದ್ದೇನೆ.

ಹೊಸ ಹಿಮ ಬಿದ್ದ ಮೇಲೆ ದಿಬ್ಬಕ್ಕೆ ಹೋಗಬೇಡ.

ನನ್ನ ಕಾಲಿನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಡಾಕ್ಟರು ಏನೇನೋ ಮಾತಾಡಿಕೊಳ್ಳುತ್ತಿದ್ದಾರೆ.

ಯೂಲಾ


ನಮ್ಮೂರು
೧೯೫೭, ನವೆಂಬರ್ ೧೬

ಸೊಸೆಗೆ,

ನೀನು ಆಸ್ಪತ್ರೆಯಲ್ಲಿ ಮಲಗಿ ಮಲಗಿ ಮುದುಕಿಯಾಗಿದ್ದೀಯ. ಮುದುಕಿಯರ ಹಾಗೆ ಬರೆಯುತ್ತೀಯ. ನಾನು ಕೂಗಿದ್ದು ಗಾಳಿಗೆ, ಮೋಟರಿನ ಸದ್ದಿಗೆ ನನಗೇ ಕೇಳಿಸಲಿಲ್ಲ. ಆದರೂ ನೀನು ಹೇಳಿದ್ದೀಯ ಎಂದು ಇನ್ನು ಮೇಲೆ ಹೆಸರು ಬರೆಯುವುದಿಲ್ಲ. ಹೆದರಿ ಅಲ್ಲ.

ಕೋಲಿನ ವಿಷಯ. ಒಲೆಯ ಮೇಲೆ ಕಟ್ಟಿದ್ದೆನಲ್ಲ, ಒಂದು ಮಧ್ಯಾಹ್ನ ನಾವು ಮೂಸ್ ಜಿಂಕೆಯ ಮಾಂಸದ ಸಾರು ಉಣ್ಣುತ್ತಿದ್ದಾಗ ತಲೆಯ ಮೇಲೆ ಗುಂಡು ಹಾರಿದ ಸದ್ದು. ನಾನು ಮೇಜಿನ ಕೆಳಗೆ ಬಿದ್ದ ಚಮಚ ಹುಡುಕುತ್ತಿದ್ದೆ. ಅಕ್ಕ ನಾನು ಅವಿತುಕೊಂಡೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಒಂದು ಕೋಲು ಬುಡದಿಂದ ತುದಿಯವರೆಗೆ ಸೀಳಿತ್ತು, ಒಳ್ಳೊಳ್ಳೆಯ ಡೈಮಂಡುಗಳ ನಡುವಿನಲ್ಲೇ. ಸಂಜೆಯ ಒಳಗೆ ಉಳಿದವೂ ಸಿಡಿದವು. ಈ ಸಲದ ವಿಲ್ಲೋ ಸರಿಯಿಲ್ಲ, ಒಲೆಯೂ ಸರಿಯಿಲ್ಲ. ಅಕ್ಕ ಆ ಸೀಳುಗಳನ್ನೇ ಒಲೆಗೆ ಹಾಕಿ ರೊಟ್ಟಿ ಸುಟ್ಟಳು. "ತಿನ್ನು, ನಿನ್ನ ಕೈ ರುಚಿ" ಎಂದಳು.

ಇನ್ನೊಂದು ಹೊರೆ ತರಬೇಕು. ಚಳಿಗಾಲದ ಮರದಲ್ಲಿ ರಸ ಇಳಿದಿರುತ್ತದೆ, ಸೀಳುವುದು ಕಡಿಮೆ. ಅವಸರವೇನಿಲ್ಲ. ದಿಬ್ಬದ ಕಡೆ ನಾನು ಹೋಗಿಲ್ಲ. ಹಿಮ ಮೆತ್ತಗಿದೆ, ಜಾರುಗಾಡಿ ಎಳೆಯುವ ನಾಯಿಗಳ ಕಾಲು ನೋಯುತ್ತದೆ, ಅದಕ್ಕೆ.

ಊರಿನಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಸಿಲ್ವೆಸ್ಟರ್ ಅಜ್ಜನ ಮೀನಿನ ಉಗ್ರಾಣಕ್ಕೆ ತೋಳಗಳು ನುಗ್ಗಿ ಒಣಮೀನೆಲ್ಲ ತಿಂದು ಹೋಗಿವೆ. ಕಂಬದ ಮೇಲಿದ್ದ ಉಗ್ರಾಣ ಅದು. ಚಾವಣಿಯ ದಿಮ್ಮಿಗಳನ್ನು ಕಿತ್ತು ಕೆಳಗೆ ಎಸೆದಿದ್ದವು. ಈ ವರ್ಷದ ತೋಳಗಳು ಬಲವಾಗಿವೆ.

ಅಕ್ಕ ನಿನಗೆ ಹೊಸ ಬೂಟಿಗೆ ಮಣಿ ಕೂರಿಸುತ್ತಿದ್ದಾಳೆ.

ಅಲೋಶಿಯಸ್


ಆಸ್ಪತ್ರೆ
೧೯೫೭, ಡಿಸೆಂಬರ್ ೭

ಪ್ರೀತಿಯ ಮಾವನಿಗೆ,

ಇಲ್ಲಿ ಎಲ್ಲಾ ತುಂಬ ಚೆನ್ನಾಗಿದೆ. ವಾರ್ಡಿನಲ್ಲಿ ಕ್ರಿಸ್‌ಮಸ್‌ಗೆ ಬಣ್ಣದ ಕಾಗದ ಕಟ್ಟುತ್ತಿದ್ದಾರೆ. ನನ್ನ ಕಾಲೂ ತುಂಬ ಚೆನ್ನಾಗಿದೆ. ನನಗೆ ಇನ್ನು ಕೋಲು ಬೇಡ. ಕೋಲಿನ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ನೀನು ಮತ್ತೆ ವಿಲ್ಲೋ ಕಡಿಯುವ ತೊಂದರೆ ತೆಗೆದುಕೊಳ್ಳಬೇಡ. ಮನೆಯಲ್ಲೇ ಇರು. ಇಸ್ಪೀಟು ಆಡು. ಅಮ್ಮನಿಗೂ ಹೇಳು, ಬೂಟಿಗೆ ಅವಸರವಿಲ್ಲ.

ಯೂಲಾ


ನಮ್ಮೂರು
೧೯೫೭, ಡಿಸೆಂಬರ್ ೨೯

ಯೂಲಾ,

ನಿನ್ನ ಕಾಗದ ಬಂತು. ಅಕ್ಕನಿಗೆ ಓದಿ ಹೇಳಿದೆ. ಕೋಲು ಬೇಡ ಎಂಬುದನ್ನು ಓದಿದಾಗ ಅವಳು ಸೂಜಿ ಕೆಳಗಿಟ್ಟಳು. ಬೂಟಿಗೆ ಅವಸರವಿಲ್ಲ ಎಂಬುದನ್ನು ಓದಿದಾಗ ಎದ್ದು ಹೊರಗೆ ಹೋದಳು. ತಲೆಗೆ ಏನೂ ಹೊದ್ದುಕೊಳ್ಳದೆ ಹೋದಳು. ನಾನೇ ಹೋಗಿ ಕರೆತಂದೆ.

ನಿನಗೆ ಜಸ್ಟಿನ್ ನೆನಪಿರಬೇಕು, ಕೆಳದಂಡೆಯವನು. ಅವನನ್ನೂ ನಿನ್ನ ಹಾಗೆಯೇ ಆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅವನೂ ಹೀಗೆಯೇ ಬರೆದಿದ್ದ. ಎಲ್ಲಾ ತುಂಬ ಚೆನ್ನಾಗಿದೆ, ನನಗೆ ಹೊಸ ಕೋಟು ಹೊಲಿಯಬೇಡಿ ಎಂದು. ಆ ಕಾಗದದ ಹಿಂದೆಯೇ ಬಂದ ವಿಮಾನದಲ್ಲಿ ಅವನ ಶವದ ಪೆಟ್ಟಿಗೆ ಇತ್ತು.

ಅಕ್ಕ ಬೂಟನ್ನು ಮಣಿಯ ಸಮೇತ ಸುತ್ತಿ ಮೂಲೆಗಿಟ್ಟಿದ್ದಾಳೆ. ನಾನು "ಇವಳಿಗೆ ಗುಣ ಆಗಿದೆ ಕಣೆ, ಅದಕ್ಕೇ ಕೋಲು ಬೇಡ ಅಂದಿದಾಳೆ" ಎಂದೆ. "ನೀನು ಅದನ್ನ ನಂಬ್ತೀಯೇನೋ?" ಎಂದಳು. ನಂಬುತ್ತೇನೆ ಎಂದೆ. ನನ್ನ ಮುಖವನ್ನೇ ನೋಡಿ, "ಸುಳ್ಳು ಹೇಳೋವಾಗ ನೀನು ಯಾವಾಗ್ಲೂ ಜೋರಾಗಿ ಹೇಳ್ತೀಯ" ಎಂದಳು.

ನಾಳೆ ಬೆಳಕು ಹರಿದ ಮೇಲೆ ದಿಬ್ಬಕ್ಕೆ ಹೋಗುತ್ತೇನೆ. ಗಾಡಿಗೆ ನಾಯಿಗಳನ್ನು ಕಟ್ಟುತ್ತೇನೆ, ಗರಗಸ ಮಸೆದಿಟ್ಟಿದ್ದೇನೆ. ನಿನ್ನ ಹೆಸರಿನ ಕೋಲೊಂದು ಈ ಮನೆಯಲ್ಲಿ ಇದ್ದರೆ ನೀನು ಅದನ್ನು ಹಿಡಿಯಲು ಬರಲೇಬೇಕಾಗುತ್ತದೆ. ಬೇಡ ಎನ್ನಬೇಡ. ಬೇಡ ಎನ್ನುವ ಮಾತು ನಿನ್ನಿಂದ ನಾನು ಇನ್ನು ಕೇಳುವುದಿಲ್ಲ.

ಟಪಾಲು ಕಟ್ಟು ಕಟ್ಟುತ್ತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಮಾವ


ಆಸ್ಪತ್ರೆ
೧೯೫೮, ಜನವರಿ ೧೮

ಮಾವ,

ನಿನ್ನ ಕಾಗದ ಈಗ ಬಂತು. ನೀನು "ನಾಳೆ" ಎಂದು ಬರೆದ ದಿನ ಎಂದೋ ಕಳೆದುಹೋಗಿದೆ. ಆದರೂ ಬರೆಯುತ್ತಿದ್ದೇನೆ. ಚಳಿಗೆ ನಾಯಿಗಳು ಏಳದೆ ಇದ್ದಿರಬಹುದು. ಅಮ್ಮ ಗರಗಸ ಬಚ್ಚಿಟ್ಟಿರಬಹುದು.

ನಾನು ಸುಳ್ಳು ಹೇಳಿದೆ. ಉಗ್ರಾಣದ ದಿಮ್ಮಿ ಕಿತ್ತವು ತೋಳಗಳಲ್ಲ ಎಂದು ಓದಿದ ತಕ್ಷಣ ಗೊತ್ತಾಯಿತು. ತೋಳ ಕಂಬ ಹತ್ತುವುದನ್ನು ಯಾರು ಕಂಡಿದ್ದಾರೆ? ನೀನು ದಿಬ್ಬಕ್ಕೆ ಹೋಗದಿರಲಿ ಎಂದು ಕೋಲು ಬೇಡ ಎಂದೆ. ಅದೊಂದಕ್ಕೇ. ಜಸ್ಟಿನ್ ಬರೆದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಏನಾದರೂ ಹೇಳುತ್ತಿದ್ದೆ. ನಿನ್ನ ಕೋಲು ಕೆಟ್ಟದಾಗಿರುತ್ತದೆ, ನನಗೆ ಸಿಲ್ವೆಸ್ಟರ್ ಅಜ್ಜ ಮಾಡಿದ್ದೇ ಬೇಕು ಎನ್ನುತ್ತಿದ್ದೆ. ನೀನು ಕೋಪ ಮಾಡಿಕೊಂಡಾದರೂ ಮನೆಯಲ್ಲಿ ಕೂರುತ್ತಿದ್ದೆ.

ನಿಜ ಹೇಳುತ್ತೇನೆ, ಅಮ್ಮನಿಗೆ ಓದು. ನವೆಂಬರಿನಲ್ಲಿ ಸೊಂಟಕ್ಕೆ ಆಪರೇಷನ್ ಮಾಡಿದರು. ಮೂಳೆಗೆ ಮೂಳೆ ಕೂಡಿಸಿದ್ದಾರೆ. ಎದೆಯಿಂದ ಪಾದದವರೆಗೆ ಸಿಮೆಂಟಿನಂಥ ಕಟ್ಟು ಹಾಕಿದ್ದಾರೆ, ನಾನು ಮಗ್ಗುಲು ತಿರುಗಲೂ ನರ್ಸ್ ಬರಬೇಕು. ಆ ಸೊಂಟ ಇನ್ನು ಬಗ್ಗುವುದಿಲ್ಲ, ಬದುಕಿರುವವರೆಗೂ ಕೋಲು ಬೇಕು ಎಂದಿದ್ದಾರೆ. ಆದರೆ ನಾನು ಸಾಯುತ್ತಿಲ್ಲ. ಕೇಳಿಸಿತಾ? ಸಾಯುತ್ತಿಲ್ಲ. ಇದನ್ನು ಮೊದಲೇ ಬರೆದರೆ ಅಮ್ಮ ನಿದ್ದೆ ಬಿಡುತ್ತಾಳೆ ಎಂದು ಬರೆಯಲಿಲ್ಲ.

ಹೋಗಬೇಡ. ಹೋಗಿದ್ದರೆ ವಾಪಸ್ ಬಂದೆ ಎಂದು ಬರೆ.

ಯೂಲಾ


ಆಸ್ಪತ್ರೆ
೧೯೫೮, ಫೆಬ್ರವರಿ ೧೦

ಮಾವ,

ಉತ್ತರ ಬಂದಿಲ್ಲ. ನದಿಯ ಮೇಲ್ಗಡೆ ಚಳಿ ವಿಪರೀತ, ವಿಮಾನ ಹಾರುತ್ತಿಲ್ಲ ಎಂದು ನರ್ಸ್ ಹೇಳುತ್ತಾಳೆ. ಪಕ್ಕದ ಹಾಸಿಗೆಯವಳಿಗೆ ನಿನ್ನೆ ಕಾಗದ ಬಂತು. ಅವಳದ್ದು ಕರಾವಳಿಯ ಊರು, ಅಲ್ಲಿಗೆ ಹಾರುತ್ತವೆ ಎನ್ನುತ್ತಾಳೆ. ಇರಬಹುದು.

ಕಟ್ಟಿನೊಳಗೆ ಕಾಲು ಕೆರೆಯುತ್ತದೆ, ಕೆರೆದುಕೊಳ್ಳಲು ಆಗುವುದಿಲ್ಲ. ಚಾವಣಿ ನೋಡುತ್ತ ಮಲಗಿರುತ್ತೇನೆ. ಟಪಾಲು ಗಾಡಿಯ ಚಕ್ರದ ಸದ್ದು ನಮ್ಮ ವಾರ್ಡಿನ ಬಾಗಿಲಲ್ಲಿ ನಿಧಾನವಾಗುತ್ತದೆ, ಆಮೇಲೆ ಮುಂದೆ ಹೋಗುತ್ತದೆ.

ಉದ್ದ ಬರೆಯಬೇಡ. ಬೈದು ಬರೆ. ಈ ನದಿಗೆಲ್ಲ ನಾನೇ ಗಟ್ಟಿಗ ಎಂದು ಬೊಗಳೆ ಬಿಡು, ನಾನು ಏನೂ ಅನ್ನುವುದಿಲ್ಲ. ಬೇಡ, ಅದು ಬೇಡ. ಬರೀ ನಿನ್ನ ಹೆಸರು ಬರೆದು ಕಳಿಸು.

ಯೂಲಾ


ನಮ್ಮೂರು
೧೯೫೮, ಫೆಬ್ರವರಿ ೨೬

ಅಲೋಶಿಯಸ್.

ಹೆಸರು ಬರೆದಿದ್ದೇನೆ. ನಿನ್ನ ಎರಡು ಕಾಗದಗಳೂ ಇವತ್ತು ಒಂದೇ ಚೀಲದಲ್ಲಿ ಬಂದವು. ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಬಲಗೈಯ ಬೆರಳ ತುದಿಗಳನ್ನು ಚಳಿ ತಿಂದಿದೆ, ಪೆನ್ನು ನಿಲ್ಲುವುದಿಲ್ಲ. ಅಕ್ಕನಿಗೆ ನಿನ್ನ ನಿಜವನ್ನು ಓದಿದೆ. ಮತ್ತೆ ಓದು ಎಂದಳು. ಸಾಯುತ್ತಿಲ್ಲ ಎಂಬುದನ್ನು ಅವಳು ಎಷ್ಟು ಸಲ ಓದಿಸಿದಳೋ. ಈಗ ಸೂಜಿ ಹಿಡಿದು ಕೂತಿದ್ದಾಳೆ.

ನೀನು ಹೆಣ್ಣುಮಗಳು, ನಿನ್ನ ಮುಂದೆ ಎಲ್ಲವನ್ನೂ ಹೇಳುವಂತಿಲ್ಲ. ಕೋಲಿನ ಕಥೆಯನ್ನಷ್ಟೇ ಹೇಳುತ್ತೇನೆ. ಒಂದೇ ಸಲ ಹೇಳುತ್ತೇನೆ. ಓದಿದ ಮೇಲೆ ಈ ಕಾಗದವನ್ನು ಬೆಂಕಿಗೆ ಹಾಕಿಸು.

ಹೇಳಿದ್ದಂತೆ ಹೋದೆ. ನಾಯಿಗಳನ್ನು ನದಿಯ ಮಂಜುಗಡ್ಡೆಯ ಮೇಲೆ ಕಟ್ಟಿದೆ. ಬಂದೂಕು ಜಾರುಗಾಡಿಯಲ್ಲೇ ಉಳಿಯಿತು. ಪೊದೆಯೊಳಗೆ ಬಗ್ಗಿ ಹೋಗಬೇಕು, ಗರಗಸ ಒಂದು ಸಾಕು ಎಂದುಕೊಂಡೆ. ನಡುಮಧ್ಯಾಹ್ನ, ಸೂರ್ಯ ಮರಗಳ ತುದಿಯಲ್ಲಿತ್ತು. ಒಳ್ಳೆಯ ಮರ ಸಿಕ್ಕಿತು. ಹೆಬ್ಬೆರಳಿನಿಂದ ತಡವಿದರೇ ತಗ್ಗುಗಳು ಒಂದರ ಮೇಲೊಂದು ಸಿಗುತ್ತಿದ್ದವು. ಕುಯ್ಯತೊಡಗಿದೆ.

ಕುಯ್ಯುವ ಸದ್ದಿನೊಳಗೆ ಇನ್ನೊಂದು ಸದ್ದು ಇತ್ತು. ಕೈ ನಿಲ್ಲಿಸಿದೆ. ಅದೂ ನಿಂತಿತು. ಮತ್ತೆ ಕುಯ್ದೆ. ಮತ್ತೆ ಬಂತು. ಗಾಜಿನ ಲೋಟಗಳನ್ನು ಚೀಲದಲ್ಲಿ ಹಾಕಿ ಹೊತ್ತುಕೊಂಡು ಯಾರೋ ನಿಧಾನವಾಗಿ ನಡೆದ ಹಾಗೆ. ನಾಯಿಗಳು ಬೊಗಳಲಿಲ್ಲ. ನನ್ನ ನಾಯಿಗಳು ಬೀಳುವ ಎಲೆಗೂ ಬೊಗಳುತ್ತವೆ.

ನಾನು ಓಡಲಿಲ್ಲ. ಇದು ಧೈರ್ಯ ಅಲ್ಲ. ಹಿಮದಲ್ಲಿ ಕೂತುಬಿಟ್ಟೆ. ಕೈಗವಸು ಯಾವಾಗ ಬಿತ್ತೋ ತಿಳಿಯದು, ಬರಿಗೈಯಲ್ಲಿ ಗರಗಸದ ಕಬ್ಬಿಣ ಹಿಡಿದಿದ್ದೆ. ಆ ಸದ್ದು ನನ್ನ ಬೆನ್ನ ಹಿಂದೆ ಬಂತು. ಉಸಿರು ಕೇಳಿಸಿತು. ಹಳಸಿದ ಮೀನಿನ ವಾಸನೆ ಬಂತು. ನಾನು ತಿರುಗಿ ನೋಡಲಿಲ್ಲ. ನಮ್ಮ ಅಪ್ಪ ಹೇಳಿಕೊಟ್ಟಿದ್ದ ಹಾಗೆ ನೆಲ ನೋಡುತ್ತ, ಅದನ್ನು ತಾತ ಎಂದು ಕರೆದು ಮಾತಾಡಿದೆ.

"ತಾತ, ನಾನು ಏನೂ ಅಲ್ಲ. ಬಾಯಿ ದೊಡ್ಡದು, ಮನುಷ್ಯ ಸಣ್ಣೋನು. ನಿನ್ನ ಜಾಗದಲ್ಲಿ ನಿಂತು ಏನೇನೋ ಅಂದೆ. ನನ್ನ ಸೊಸೆ ಮಲಗಿದಾಳೆ, ಅವಳಿಗೆ ಒಂದು ಕೋಲು ಬೇಕಿತ್ತು. ಬೇರೆ ಏನೂ ತಗೊಂಡಿಲ್ಲ. ನನ್ನ ಮೇಲೆ ಮುನಿಸಿಡಬೇಡ. ನಿನ್ನ ದಾರಿ ನೀನು ಹಿಡಿ."

ಹೇಳಿದ್ದನ್ನೇ ಹೇಳುತ್ತ ಕೂತಿದ್ದೆ. ನನ್ನ ದನಿ ನನಗೆ ಗುರುತು ಸಿಗಲಿಲ್ಲ, ಯಾರೋ ಮಗು ಅತ್ತ ಹಾಗಿತ್ತು. ಎಷ್ಟೋ ಹೊತ್ತಿಗೆ ಆ ಗಾಜಿನ ಸದ್ದು ಪಕ್ಕದಿಂದ ಹಾದು ನದಿಯ ಕಡೆ ಹೋಯಿತು. ಆಗ ನಾಯಿಗಳು ಕೂಗಿದವು. ಆ ಕೂಗನ್ನು ನಿನಗೆ ಬರೆಯಲಾರೆ.

ನಮ್ಮ ಬಟನ್ಸ್ ನಾಯಿ ಇಲ್ಲ. ಅದರ ಹಗ್ಗ ಮಾತ್ರ ಇತ್ತು. ಉಳಿದ ನಾಯಿಗಳು ನನ್ನನ್ನು ಮನೆಯವರೆಗೂ ಎಳೆದು ತಂದವು. ಕುಯ್ದ ಕೋಲು ನನ್ನ ಕಂಕುಳಲ್ಲಿತ್ತಂತೆ, ಅಕ್ಕ ಬಿಡಿಸಿಕೊಂಡಳಂತೆ. ನನಗೆ ಅದು ಯಾವುದೂ ನೆನಪಿಲ್ಲ.

ಆಮೇಲೆ ಊರಿನ ಗಂಡಸರು ಹೋಗಿ ನೋಡಿ ಬಂದರು. ಹೆಜ್ಜೆ ದಿಬ್ಬದಿಂದ ಹೊರಟು ನಮ್ಮ ದಂಡೆಗೇ ಬಂದಿದೆ. ಉಗ್ರಾಣಗಳ ಹಿಂದಿನಿಂದ ಹಾದು, ಗಾಳಿ ಹೊಡೆದ ಕಡೆ ಅಳಿಸಿಹೋಗಿದೆ. ಎಲ್ಲಿಗೆ ಹೋಯಿತು, ಯಾರಿಗೂ ಗೊತ್ತಿಲ್ಲ. ಯಾರೂ ಕೇಳುತ್ತಲೂ ಇಲ್ಲ. ಅಕ್ಕ ಬಾಗಿಲ ಬಳಿ ಕೊಡಲಿ ಇಟ್ಟಿದ್ದಾಳೆ. ನೀರಿಗೆ ಹೋಗುವವರು ಇಬ್ಬರಿಬ್ಬರಾಗಿ ಹೋಗುತ್ತಾರೆ.

ಅಂಗಡಿಯಲ್ಲಿ ಇಸ್ಪೀಟಿಗೆ ಕೂತಾಗ ಸಿಲ್ವೆಸ್ಟರ್ ಅಜ್ಜ ಎಲ್ಲರೆದುರಿಗೆ ಕೇಳಿದ, "ಏನಪ್ಪಾ ಅಲೋಶಿಯಸ್, ದಿಬ್ಬದಲ್ಲಿ ಏನಾಯ್ತು?" ಎಲ್ಲರೂ ಎಲೆ ಕೆಳಗಿಟ್ಟು ನನ್ನ ಬಾಯಿಯನ್ನೇ ನೋಡಿದರು. ಯೂಲಾ, ಈ ನದಿಯಲ್ಲಿ ಅಂಥ ಕಥೆ ಇನ್ನೊಬ್ಬನ ಹತ್ತಿರ ಇಲ್ಲ. ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಕೋಲು ಕಡಿಯೋಕೆ ಹೋಗಿದ್ದೆ. ಚಳಿ ಇತ್ತು" ಎಂದೆ. ಅಜ್ಜ ತಲೆ ಆಡಿಸಿ ಎಲೆ ಹಂಚಿದ.

ಕೋಲಿನ ಎರಡೂ ತುದಿಗೆ ಕೊಬ್ಬು ಬಳಿದು ಉಗ್ರಾಣದಲ್ಲಿ ಮಲಗಿಸಿದ್ದೇನೆ. ಬೆಂಕಿಯ ಹತ್ತಿರ ತರುವುದಿಲ್ಲ. ಮುಂದಿನ ಚಳಿಗಾಲ ಕಳೆಯುವವರೆಗೆ ಚಾಕುವನ್ನೂ ಮುಟ್ಟಿಸುವುದಿಲ್ಲ. ಅದಕ್ಕೆ ಮೊದಲೇ ನಿನ್ನನ್ನು ಕಳಿಸಿದರೆ ಆಸ್ಪತ್ರೆಯ ಕಬ್ಬಿಣದ ಊರುಗೋಲು ಅವರಿಗೇ ಬಿಟ್ಟು ಬಾ. ವಿಮಾನದ ಮೆಟ್ಟಿಲ ಕೆಳಗೆ ನಾನು ನಿಂತಿರುತ್ತೇನೆ. ನನ್ನ ಹೆಗಲ ಮೇಲೆ ಕೈಯಿಟ್ಟು ಇಳಿ. ಹೆಗಲು ನಡುಗಿದರೆ ಏನು ಮಾವ ಎಂದು ಕೇಳಬೇಡ. ಮನೆ ಸೇರುವ ತನಕ ಬೇರೆ ಏನಾದರೂ ಮಾತಾಡುತ್ತಿರು, ಜೋರಾಗಿ.

ಮಾವ